ಹತ್ತು ಅಂಕಿಗಳ ಒಂಟಿ ಸಂಖ್ಯೆ

ಪ್ರಿಯ ಓದುಗರೇ,

3816547290 ಎಂಬ ಸಂಖ್ಯೆಯ ಬಗ್ಗೆ ಕೇಳಿದ್ದೀರಿ. ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಇದರಲ್ಲಿ ಒಂದೊಂದು ಸಲ ಬರುತ್ತವೆ. ಎಡಗಡೆಯ ಎರಡು ಅಂಕಿಗಳು 38, ಅದು 2ರಿಂದ ಭಾಗವಾಗುತ್ತದೆ. ಮೂರು ಅಂಕಿಗಳು 381, ಅದು 3ರಿಂದ. 3816 ನಾಲ್ಕರಿಂದ. ಹೀಗೇ ಹತ್ತರ ತನಕ. "ಇಂಥದ್ದು ಇದೊಂದೇ ಅಂತಾರೆ. ಕಂಪ್ಯೂಟರ್ ಹೇಳಿತು ಅಂತ ಸುಮ್ನೆ ನಂಬಬೇಕಾ?" ಎಂಬುದು ನಿಮ್ಮ ಪ್ರಶ್ನೆ.

ಬೇಕಿಲ್ಲ. ಹಾಳೆ, ಪೆನ್ಸಿಲ್ ಇದ್ದರೆ ನೀವೇ ನೋಡಬಹುದು.

ಹತ್ತು ಅಂಕಿಗಳನ್ನು 36,28,800 ರೀತಿಯಲ್ಲಿ ಜೋಡಿಸಬಹುದು. ಆದರೆ ಕೊನೆಗೆ ಸೊನ್ನೆಯೇ ಇರಬೇಕು, ಇಲ್ಲದಿದ್ದರೆ 10ರಿಂದ ಭಾಗವಾಗದು. ಐದನೆಯ ಸ್ಥಾನಕ್ಕೆ ಸೊನ್ನೆ ಇಲ್ಲವೇ 5 ಬೇಕು. ಸೊನ್ನೆ ಆಗಲೇ ಖರ್ಚಾಗಿದೆ, ಹಾಗಾಗಿ 5. ಎರಡು, ನಾಲ್ಕು, ಆರು, ಎಂಟನೆಯ ಸ್ಥಾನಗಳಿಗೆ ಸಮ ಅಂಕಿಗಳು. ಉಳಿದ ಕಡೆ 1, 3, 7, 9.

ನನಗೆ ತುಂಬಾ ಇಷ್ಟವಾಗುವ ಭಾಗ ಇಲ್ಲಿಂದ ಶುರು. 4ರಿಂದ ಭಾಗವಾಗಲು ಕೊನೆಯ ಎರಡು ಅಂಕಿ ಸರಿಯಿದ್ದರೆ ಸಾಕು. ಮೂರನೆಯ ಅಂಕಿ ಬೆಸ, ಆದ್ದರಿಂದ ನಾಲ್ಕನೆಯದು 2 ಅಥವಾ 6. ಎಂಟನೆಯ ಸ್ಥಾನದಲ್ಲೂ ಅದೇ ಕತೆ. ಅಲ್ಲಿ ಆರನೆಯ ಅಂಕಿ ಸಮವಾದ್ದರಿಂದ, ಕೊನೆಯ ಎರಡು ಅಂಕಿ 16, 32, 72, 96ರಲ್ಲಿ ಒಂದಾಗಲೇಬೇಕು. ಅಂದರೆ 4 ಮತ್ತು 8ಕ್ಕೆ ಉಳಿಯುವುದು ಎರಡು, ಆರನೆಯ ಸ್ಥಾನಗಳು ಮಾತ್ರ. ಮೊದಲ ಮೂರು ಅಂಕಿಯೂ ಮೊದಲ ಆರು ಅಂಕಿಯೂ 3ರಿಂದ ಭಾಗವಾಗಬೇಕಲ್ವಾ? ಹಾಗಾದರೆ ನಡುವಿನ ಮೂರೂ ಭಾಗವಾಗಬೇಕು. ಅಲ್ಲಿಗೆ ನಡುವೆ 258 ಅಥವಾ 654 ಮಾತ್ರ ಬರಲು ಸಾಧ್ಯ. 9ರ ಚಿಂತೆಯೇ ಬೇಡ: ಒಂದರಿಂದ ಒಂಬತ್ತರವರೆಗೆ ಕೂಡಿದರೆ 45, ಯಾವ ಕ್ರಮದಲ್ಲಿದ್ದರೂ ಭಾಗವಾಗುತ್ತದೆ.

ಮೊದಲ ಏಳು ಸ್ಥಾನಗಳನ್ನು ಈಗ ತುಂಬಿದರೆ ಉಳಿಯುವುದು ಹತ್ತೇ ಹತ್ತು: 1472589, 7412589, 1896543, 9816543, 7896543, 9876543, 1836547, 3816547, 1896547, 9816547. ಏಳಕ್ಕೆ ಮಾತ್ರ ಇಷ್ಟು ಸುಲಭದ ಗುರುತಿಲ್ಲ, ಒಂದೊಂದನ್ನೂ ಭಾಗಿಸಿಯೇ ನೋಡಬೇಕು. ಒಂಬತ್ತರಲ್ಲಿ ಶೇಷ ಉಳಿಯುತ್ತದೆ. 3816547 ಮಾತ್ರ 7 ಸಲ 545221.

ಹತ್ತರವರೆಗೆ ಇಳಿದದ್ದು ತರ್ಕದಿಂದ. ಆ ಹತ್ತರಲ್ಲಿ ಸರಿಯಾಗಿ ಒಂದೇ ಉಳಿದದ್ದಕ್ಕೆ ಭಾಗಾಕಾರ ಬಿಟ್ಟು ಬೇರೆ ಕಾರಣ ನನಗೆ ಕಾಣುವುದಿಲ್ಲ. ಇದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದಕ್ಕೂ ಅಂಟಿಕೊಂಡ ಗುಣ. ಎಂಟರ ಪದ್ಧತಿಯಲ್ಲಿ, ಅಂದರೆ 0ಯಿಂದ 7ರವರೆಗಿನ ಎಂಟೇ ಅಂಕಿಗಳಿಂದ ಎಣಿಸಿ ಬರೆದರೆ, ಇಂಥವು ಮೂರು ಸಿಗುತ್ತವೆ, ಹನ್ನೆರಡರಲ್ಲಿ ಒಂದೂ ಇಲ್ಲ.

ಅಂಕಿಗಳು ಮತ್ತೆ ಮತ್ತೆ ಬರಬಹುದು ಎಂದು ಬಿಟ್ಟರೆ ಈ ಸರಪಳಿ ಎಲ್ಲಿಯವರೆಗೆ ಹೋಗುತ್ತದೆ ಎಂದೂ ಕೇಳಿದ್ದೀರಿ. 25 ಅಂಕಿಗಳವರೆಗೆ. ಅಲ್ಲಿಗೆ ತಲುಪುವುದೂ ಒಂದೇ ಸಂಖ್ಯೆ: 3608528850368400786036725. ಅದರ ಮುಂದೆ ಯಾವ ಅಂಕಿ ಬರೆದರೂ 26ರಿಂದ ಭಾಗವಾಗುವುದಿಲ್ಲ.

- ಸಂ.