ಹೊಳೆದ ಜಾಗವೆಲ್ಲ ಕ್ಯಾನ್ಸರ್ ಅಲ್ಲ: ವಿಜಯಪುರದ ಲೇಖಕಿಗೆ ಸಂಪಾದಕರ ಉತ್ತರ

ನಮಸ್ಕಾರ.

ಗಡ್ಡೆಗಳನ್ನು ಪತ್ತೆ ಹಚ್ಚುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಆದರೆ ಸ್ಕ್ಯಾನಿಂಗನ್ನೂ ಜೀವಕೋಶದ ರಸಾಯನವನ್ನೂ ಜೋಡಿಸಿ ಬರೆಯಬೇಕೆಂಬ ನಿಮ್ಮ ಯೋಚನೆ ಬಲು ಒಳ್ಳೆಯದು, ಕನ್ನಡದಲ್ಲಿ ಆ ಕೆಲಸ ಮಾಡುವವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಪ್ಪು. "ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತದೆ, ಪೆಟ್ ಸ್ಕ್ಯಾನೇ ಅದಕ್ಕೆ ಸಾಕ್ಷಿ, ಸಕ್ಕರೆ ಬೆಲ್ಲ ಬಿಟ್ಟರೆ ಗಡ್ಡೆ ಕರಗುತ್ತದೆ" ಎಂದಿದ್ದೀರಿ. ಪೆಟ್ ಎಂದರೆ ಗ್ಲೂಕೋಸಿನಂಥ ವಿಕಿರಣಶೀಲ ವಸ್ತುವನ್ನು ಚುಚ್ಚಿ, ಅದು ಮೈಯಲ್ಲಿ ಎಲ್ಲಿ ಸೇರುತ್ತದೆ ಎಂದು ನೋಡುವ ಸ್ಕ್ಯಾನ್. ನಿಮ್ಮ ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ, ಕೊನೆಯದರಲ್ಲಿ ಏನೂ ಇಲ್ಲ. ಆಮ್ಲಜನಕ ಸಾಕಷ್ಟಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತವೆ ಎಂದು ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದರು. ಈ ದಾರಿಯಲ್ಲಿ ಒಂದು ಗ್ಲೂಕೋಸಿಗೆ ಸಿಗುವುದು ಬರೀ 2 ಎಟಿಪಿ (ಕೋಶ ಶಕ್ತಿಗೆ ಬಳಸುವ ಅಣು), ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ದಾರಿಯಲ್ಲಾದರೆ ಸುಮಾರು 30. ಮೈಟೊಕಾಂಡ್ರಿಯಾ ಕೆಟ್ಟಿರುವುದೇ ಇದಕ್ಕೆ ಕಾರಣ ಎಂದು ವಾರ್ಬರ್ಗ್ ನಂಬಿದ್ದರು, ನೀವೂ ಹಾಗೇ ಬರೆದಿದ್ದೀರಿ. ಬಹುಪಾಲು ಗಡ್ಡೆಗಳಲ್ಲಿ ಅವು ಕೆಲಸ ಮಾಡುತ್ತಲೇ ಇರುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ವೇಗವಾಗಿ ಒಂದು ಎರಡಾಗುತ್ತ ಹೋಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು, ಹೊಸ ಡಿಎನ್‌ಎ, ಹೊಸ ಪೊರೆ ಕಟ್ಟಲು ಇಂಗಾಲವೂ ಬೇಕು. ಗ್ಲೂಕೋಸಿನ ಒಂದು ಪಾಲು ಅಲ್ಲಿಗೆ ಹೋಗುತ್ತದೆ.

ಊಟದಲ್ಲಿ ಸಕ್ಕರೆ ಬಿಟ್ಟರೆ ರಕ್ತದ ಗ್ಲೂಕೋಸ್ ಸೊನ್ನೆಯಾಗುವುದಿಲ್ಲ. ಯಕೃತ್ತು ಅಮೈನೊ ಆಮ್ಲದಿಂದಲೂ ಗ್ಲಿಸರಾಲ್‌ನಿಂದಲೂ ಅದನ್ನು ತಯಾರಿಸುತ್ತದೆ. ಕಿಮೊ ನಡೆದಿರುವಾಗ ಬಾಯಿರುಚಿ ಕೆಟ್ಟು, ತೂಕ ಇಳಿದು ಸೊರಗಿದವರೊಬ್ಬರು ನಿಮ್ಮ ಸಾಲು ನಂಬಿ ಊಟ ಕಡಿಮೆ ಮಾಡಿದರೆ ಚಿಕಿತ್ಸೆ ತಾಳಿಕೊಳ್ಳುವ ಬಲವೇ ಹೋಗುತ್ತದೆ. ಬೆಲ್ಲವಿಲ್ಲದ ಮನೆಯೇ ಇಲ್ಲದ ನಮ್ಮ ಕಬ್ಬಿನ ಸೀಮೆಯಲ್ಲಿ ಈ ಮಾತು ಬೇಗ ಹಬ್ಬುತ್ತದೆ. ಆ ಪ್ಯಾರಾ ಪೂರ್ತಿ ತೆಗೆಯಿರಿ.

"ಹೊಳೆಯುವ ಸಕ್ಕರೆಯನ್ನು ಚುಚ್ಚುತ್ತಾರೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಲೇಖನದ ಜೀವ ಇರುವುದೇ ಅಲ್ಲಿ. ಚುಚ್ಚುವ ವಸ್ತು ಎಫ್‌ಡಿಜಿ. ಗ್ಲೂಕೋಸಿನ ಎರಡನೇ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ವಿಕಿರಣಶೀಲ ಫ್ಲೋರಿನ್-18 ಕೂರಿಸಿರುತ್ತಾರೆ. ಕೋಶದ ಬಾಗಿಲಲ್ಲಿರುವ ಗ್ಲುಟ್-1 ಪ್ರೋಟೀನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಒಳಗೆ ಬಿಡುತ್ತದೆ. ಹೆಕ್ಸೊಕೈನೇಸ್ ಕಿಣ್ವ ಆರನೇ ಇಂಗಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಕಿಣ್ವಕ್ಕೆ ಎರಡನೇ ಇಂಗಾಲದ ಆ ಹೈಡ್ರಾಕ್ಸಿಲ್ಲೇ ಬೇಕು, ಅದಿಲ್ಲ. ಫಾಸ್ಫೇಟ್ ಅಂಟಿದ್ದರಿಂದ ಹೊರಗೆ ಹೋಗಲೂ ಆಗದು. ಹೀಗೆ ಸಿಕ್ಕಿಬಿದ್ದ ಅಣುವಿನಿಂದ ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಹೊರಟು, ಪಕ್ಕದ ಎಲೆಕ್ಟ್ರಾನಿನೊಂದಿಗೆ ಸೇರಿ ಅಳಿದು, 511 ಕೆಇವಿ ಶಕ್ತಿಯ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ಯಂತ್ರ ಹಿಡಿಯುವುದು ಆ ಜೋಡಿಯನ್ನು. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಕ್ಷಯಿಸಿದ ಮೇಲೆ ಅದು ಆಮ್ಲಜನಕ-18 ಆಗುತ್ತದೆ, ಅಣು ಮಾಮೂಲಿ ಗ್ಲೂಕೋಸ್ ಫಾಸ್ಫೇಟ್ ಆಗಿ ತನ್ನ ದಾರಿ ಹಿಡಿಯುತ್ತದೆ. ಇಷ್ಟನ್ನು ಬಿಡಿಸಿ ಹೇಳಿದರೆ ಓದುಗರು ಎಲ್ಲೂ ಎದ್ದು ಹೋಗುವುದಿಲ್ಲ.

ಹೀಗೆ ಬಿಡಿಸಿದರೆ ನಿಮ್ಮ ಎರಡನೇ ತಪ್ಪೂ ತಾನಾಗಿ ಬಿದ್ದುಹೋಗುತ್ತದೆ. ಚಿತ್ರ ತೋರಿಸುವುದು ಗ್ಲೂಕೋಸ್ ಎಳೆದುಕೊಂಡ ಜಾಗವನ್ನೇ ಹೊರತು ರೋಗದ ಹೆಸರನ್ನಲ್ಲ. ಮಿದುಳು ಯಾವಾಗಲೂ ಹೊಳೆಯುತ್ತದೆ. ಎಫ್‌ಡಿಜಿ ಮೂತ್ರದಲ್ಲಿ ಹೋಗುವುದರಿಂದ ಮೂತ್ರಕೋಶ ಹೊಳೆಯುತ್ತದೆ. ಟಿಬಿಯ ಗಂಟೂ ಹೊಳೆಯುತ್ತದೆ, ಅಲ್ಲಿ ಸೇರಿದ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳೂ ಗ್ಲೂಕೋಸ್ ಎಳೆಯುತ್ತವೆ. ನಮ್ಮ ದೇಶದಲ್ಲಿ ಇದನ್ನು ಬಿಟ್ಟು ಪೆಟ್ ಬಗ್ಗೆ ಬರೆಯುವ ಹಾಗೇ ಇಲ್ಲ. ಎಳೆದುಕೊಳ್ಳದೆ ತಪ್ಪಿಸಿಕೊಳ್ಳುವ ಕ್ಯಾನ್ಸರ್‌ಗಳೂ ಇವೆ: ಪ್ರಾಸ್ಟೇಟಿನ ಹಲವು ಗಡ್ಡೆಗಳು, ಲೋಳೆ ತುಂಬಿದ ಗಡ್ಡೆಗಳು, ಫಾಸ್ಫೇಟನ್ನು ಮತ್ತೆ ಕಿತ್ತುಹಾಕಬಲ್ಲ ಯಕೃತ್ತಿನ ಕೆಲವು ಗಡ್ಡೆಗಳು. ಕೆಲವೇ ಮಿಲಿಮೀಟರಿನ ಗಂಟನ್ನು ಯಂತ್ರವೇ ಕಾಣದೆ ಬಿಡಬಹುದು.

"ಎಸ್‌ಯುವಿ 2.5 ದಾಟಿದರೆ ಕ್ಯಾನ್ಸರ್" ಎಂಬ ಸಾಲೂ ಹೋಗಲಿ. ಎಸ್‌ಯುವಿ ಎಂದರೆ ಒಂದು ಜಾಗ ಎಫ್‌ಡಿಜಿಯನ್ನು ಎಷ್ಟು ಎಳೆದುಕೊಂಡಿದೆ ಎಂಬ ಅಂಕಿ. ಅದು ಕೊಟ್ಟ ಎಫ್‌ಡಿಜಿಯ ಪ್ರಮಾಣ, ರೋಗಿಯ ತೂಕ, ಚುಚ್ಚಿದ ಮೇಲೆ ಕಾದ ಹೊತ್ತು, ರಕ್ತದ ಸಕ್ಕರೆ ಎಲ್ಲದರ ಮೇಲೂ ನಿಂತಿದೆ. ಬದಲಿಗೆ ಸ್ಕ್ಯಾನಿಗೆ ಮೊದಲಿನ ತಯಾರಿಯ ವಿವರ ಕೊಡಿ. 4ರಿಂದ 6 ಗಂಟೆ ಉಪವಾಸ, ನೀರು ಕುಡಿಯಬಹುದು. ರಕ್ತದ ಸಕ್ಕರೆ ಡೆಸಿಲೀಟರಿಗೆ 200 ಮಿಲಿಗ್ರಾಂ ದಾಟಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ, ರಕ್ತದ ಗ್ಲೂಕೋಸ್ ಎಫ್‌ಡಿಜಿಯೊಂದಿಗೆ ಪೈಪೋಟಿಗೆ ನಿಲ್ಲುತ್ತದೆ. ಅವಸರಕ್ಕೆ ಇನ್ಸುಲಿನ್ ಹಾಕಿದರೆ ಎಫ್‌ಡಿಜಿ ಹೆಚ್ಚಾಗಿ ಸ್ನಾಯುವಿಗೆ ಹೋಗಿ ಗಡ್ಡೆ ಮಂಕಾಗುತ್ತದೆ. ಮಧುಮೇಹಕ್ಕೆ ಮೆಟ್ಫಾರ್ಮಿನ್ ಮಾತ್ರೆ ನುಂಗುವವರ ಕರುಳು ಹೊಳೆಯುತ್ತದೆ, ನಿಲ್ಲಿಸಬೇಕೋ ಬೇಡವೋ ವೈದ್ಯರನ್ನೇ ಕೇಳಬೇಕು. ಚುಚ್ಚಿದ ಮೇಲೆ ಸುಮಾರು 60 ನಿಮಿಷ ಬೆಚ್ಚಗೆ, ಸುಮ್ಮನೆ ಮಲಗಿರಬೇಕು. ಚಳಿಗೆ ಕುತ್ತಿಗೆಯ ಕಂದು ಕೊಬ್ಬು (ಮೈ ಬೆಚ್ಚಗಿಡುವ ಕೊಬ್ಬು) ಹೊಳೆದು ಗಂಟಿನಂತೆ ಕಾಣಬಹುದು.

ಶಬ್ದದ ಅಲೆ ಕಳಿಸಿ ಒಳಗಿನ ಚಿತ್ರ ತೆಗೆಯುವ ಸೋನೋಗ್ರಫಿಗೆ ಗೋಳಗುಮ್ಮಟದ ಪ್ರತಿಧ್ವನಿಯನ್ನು ಹೋಲಿಸಿದ್ದೀರಿ. ವಿಜಯಪುರದವರಿಗೆ ಅದು ಹೊಳೆಯದಿದ್ದರೆ ಇನ್ಯಾರಿಗೆ ಹೊಳೆದೀತು! ಆದರೆ ಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳುತ್ತದೆ. ಸೋನೋಗ್ರಫಿಯಲ್ಲಿ ಅದೇ ದೋಷ. ಶಬ್ದ ಸೆಕೆಂಡಿಗೆ 1540 ಮೀಟರ್ ಸಾಗುತ್ತದೆ, ಒಂದೇ ಸಲ ಬಡಿದು ನೇರ ಬಂದಿದೆ ಎಂದುಕೊಂಡು ಯಂತ್ರ ಆಳ ಲೆಕ್ಕ ಹಾಕುತ್ತದೆ. ಎರಡು ಪದರಗಳ ನಡುವೆ ಶಬ್ದ ಪುಟಿದಾಡಿದರೆ ತಡವಾಗಿ ಬಂದದ್ದನ್ನೆಲ್ಲ ಇನ್ನೂ ಆಳದಲ್ಲಿ ಬರೆಯುತ್ತದೆ. ನೀರು ತುಂಬಿದ ಸಾದಾ ಗುಳ್ಳೆಯ ಮೇಲ್ಭಾಗದಲ್ಲಿ ಇಲ್ಲದ ಗೆರೆಗಳು ಮೂಡಿ, ಗಟ್ಟಿ ಗಡ್ಡೆಯೇನೋ ಎಂಬ ಅನುಮಾನ ಹುಟ್ಟುತ್ತದೆ. ಹೋಲಿಕೆ ಉಳಿಸಿಕೊಳ್ಳಿ, ಈ ದೋಷವನ್ನು ವಿವರಿಸಲು ಬಳಸಿ.

ಬಯಾಪ್ಸಿಗೆ, ಅಂದರೆ ಗಡ್ಡೆಯ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಎರಡೇ ಸಾಲು ಕೊಟ್ಟಿದ್ದೀರಿ, ಒಂದು ಪುಟವಾದರೂ ಬೇಕು. ರೋಗಕ್ಕೆ ಹೆಸರು ಸಿಗುವುದು ಅಲ್ಲಿ. ತುಣುಕನ್ನು ಅದರ ಹತ್ತು ಪಟ್ಟಾದರೂ 10% ಬಫರ್ಡ್ ಫಾರ್ಮಾಲಿನ್‌ನಲ್ಲಿ (ಕೋಶ ಕೊಳೆಯದಂತೆ ಕಾಯುವ ದ್ರವ) ಮುಳುಗಿಸಬೇಕು, ಸಲೈನ್‌ನಲ್ಲಿ ಬಿಟ್ಟು ಊರೂರು ಸಾಗಿಸಿದರೆ ಕೋಶಗಳು ಕೊಳೆಯುತ್ತವೆ. ಸ್ತನದ ತುಣುಕಾದರೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು, 6ರಿಂದ 72 ಗಂಟೆ ಇರಬೇಕು. ಇಡೀ ಸ್ತನ ತೆಗೆದಾಗ ಅದನ್ನು ಸೀಳದೆ ಡಬ್ಬಿಗೆ ಹಾಕಿದರೆ ನಡುಭಾಗಕ್ಕೆ ದ್ರವ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಆಮೇಲೆ ಗಡ್ಡೆಯ ಕೋಶದಲ್ಲಿ ಈಸ್ಟ್ರೋಜನ್ ರಿಸೆಪ್ಟರ್ (ಆ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಇದ್ದರೂ ಬಣ್ಣ ಹಿಡಿಯದೆ 'ನೆಗೆಟಿವ್' ಎಂದು ಬರೆದುಬಿಡಬಹುದು. ಗಡ್ಡೆಯ 1% ಕೋಶಗಳ ಕೇಂದ್ರ ಬಣ್ಣ ಹಿಡಿದರೂ ಅದು ಪಾಸಿಟಿವ್, ಈಸ್ಟ್ರೋಜನ್ನಿನ ಕೆಲಸ ತಡೆಯುವ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಗೆ ದಾರಿ. ಡಬ್ಬಿಯ ತಪ್ಪಿನಿಂದ ಒಬ್ಬ ಹೆಣ್ಣುಮಗಳಿಗೆ ಆ ಮಾತ್ರೆ ಕೈತಪ್ಪಬಹುದು. ಇದನ್ನು ನೀವು ಬರೆಯಲೇಬೇಕು.

"ಪೀಸ್ ತೆಗೆದರೆ ರೋಗ ಹಬ್ಬುತ್ತದೆ" ಎಂಬ ಭಯಕ್ಕೂ ಅಲ್ಲೇ ಉತ್ತರ ಕೊಡಿ. ಯಕೃತ್ತಿನಂಥ ಕೆಲವು ಕಡೆ ಸೂಜಿಯ ದಾರಿಯಲ್ಲಿ ಕೋಶ ಉಳಿಯುವ ಅಪರೂಪದ ಸಾಧ್ಯತೆ ಇದೆ, ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿದೇ ಸೂಜಿ ಹಾಕುತ್ತಾರೆ. ಆ ಅಂಜಿಕೆಗೆ ಬಯಾಪ್ಸಿ ಬಿಟ್ಟವರ ರೋಗ ತಾನಾಗಿ ಬೆಳೆಯುತ್ತಲೇ ಹೋಗುತ್ತದೆ.

ಶತ್ರು, ಕೋಟೆ, ಸೈನಿಕ ಎಂಬ ಮೊದಲ ಪುಟವನ್ನು ಪೂರ್ತಿ ಕೈಬಿಡಿ. ಎಫ್‌ಡಿಜಿಯಿಂದಲೇ ಶುರು ಮಾಡಿ. ತಿದ್ದಿದ ಮೇಲೆ ಒಬ್ಬ ರೇಡಿಯಾಲಜಿಸ್ಟ್, ಒಬ್ಬ ಪೆಥಾಲಜಿಸ್ಟ್ ಇಬ್ಬರಿಗೂ ಓದಲು ಕೊಟ್ಟು, ಅವರು ಗುರುತು ಹಾಕಿದ ಪ್ರತಿಯನ್ನೂ ಸೇರಿಸಿ ಕಳಿಸಿ. ಕಾಯುತ್ತಿರುತ್ತೇನೆ.