ಎಟ್ನಾಕ್ಕೆ ಹೋಗುವ ಮುಂಚೆ ಮರಡಿಹಳ್ಳಿಗೆ ಹೋಗಿ ಬನ್ನಿ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮ ಮಗ ಇಟಲಿಯ ಮಿಲಾನ್‌ನಲ್ಲಿದ್ದಾನೆ. ಅಕ್ಟೋಬರಿನಲ್ಲಿ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಸಿಸಿಲಿ ದ್ವೀಪದಲ್ಲಿರುವ ಎಟ್ನಾ ಜ್ವಾಲಾಮುಖಿ ತೋರಿಸುತ್ತೇನೆ, ಐದು ದಿನ ರಜೆ ಹಾಕಿದ್ದೇನೆ ಅಂತಿದ್ದಾನೆ. ಇವರಿಗೆ ಮಂಡಿನೋವು, ಬೆಟ್ಟ ಹತ್ತುವ ಮಾತೇ ಇಲ್ಲ. ಸುತ್ತಮುತ್ತ ಹಳೆಯ ಊರುಗಳಿವೆಯಂತೆ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬೆಟ್ಟ ಹತ್ತದಿದ್ದರೆ ಏನೂ ನಷ್ಟವಿಲ್ಲಮ್ಮ. ಆರು ವರ್ಷದ ಹಿಂದೆ ನಾನೂ ನನ್ನಾಕೆಯೂ ಹೋಗಿದ್ದಾಗ ದುಡ್ಡು ಕೊಟ್ಟು ಕೇಬಲ್ ಕಾರಿನಲ್ಲಿ ಮೇಲೆ ಹೋದೆವು. ದಟ್ಟ ಮಂಜು. ಮುಂದೆ ನಿಂತವರ ಬೆನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ನಾನು ಹಾಕಿಕೊಂಡಿದ್ದು ಚಪ್ಪಲಿ. ಬೂದಿಕಲ್ಲಿನ ಚೂರು ಕಾಲಿಗೆ ಚುಚ್ಚಿ ಚುಚ್ಚಿ ಸಾಕಾಯಿತು. ಎಟ್ನಾ ನನಗೆ ಕಂಡಿದ್ದು ಮರುದಿನದಿಂದ, ಕೆಳಗಿನ ಊರುಗಳ ಗೋಡೆಗಳಲ್ಲಿ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಚಿತ್ರದುರ್ಗ ದಾಟಿ ಹಿರಿಯೂರು ಕಡೆ ಹೋದರೆ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿನ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕಾಪಾಡಿದ್ದಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ಅದು. ನೀರು ತಾಗಿದ ಕೂಡಲೇ ಮೇಲ್ಭಾಗ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಲಾವಾ ಸಿಪ್ಪೆ ಒಡೆದು ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಹಾಗಾಗಿ ದಿಂಬು ಪೇರಿಸಿಟ್ಟ ಹಾಗೆ ಕಾಣುತ್ತದೆ. ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದಾಗ ನಾನು ಹುಡುಗರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. "ಸಾರ್, ಅವ್ವ ರೊಟ್ಟಿ ಬಡಿಯೋಕೆ ಹಿಟ್ಟಿನ ಉಂಡೆ ಮಾಡಿಟ್ಟಂಗೈತೆ" ಅಂದಿದ್ದ ಒಬ್ಬ. ದಿಂಬಿಗಿಂತ ಅದೇ ಸರಿ ಅನ್ನಿಸುತ್ತದೆ ನನಗೆ.

ಇದನ್ನು ಯಾಕೆ ಹೇಳಿದೆ ಅಂದರೆ, ಎಟ್ನಾದ ಬುಡದಲ್ಲಿರುವ ಕತಾನಿಯಾ ನಗರದ ಪಕ್ಕದಲ್ಲೇ ಸಮುದ್ರದಂಚಿಗೆ ಆಚಿ ಕಸ್ತೆಲ್ಲೊ ಅಂತ ಒಂದು ಊರಿದೆ. ಅಲ್ಲಿ ನಾರ್ಮನ್ನರ (ಉತ್ತರ ಫ್ರಾನ್ಸಿನಿಂದ ಬಂದು ಸಿಸಿಲಿ ಆಳಿದವರು) ಕಾಲದ ಕೋಟೆಯೊಂದು ಕಡಿದಾದ ಕಪ್ಪು ಬಂಡೆಯ ಮೇಲೆ ಕೂತಿದೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನಮ್ಮ ಏಳು ಸುತ್ತಿನ ಕೋಟೆಯಲ್ಲೂ ಹಾಗೇ ಅಲ್ವಾ? ಕೆಳಗೆ ನಿಂತು ಆ ಬಂಡೆಯನ್ನು ನೋಡಿ. ಅವೇ ಉಂಡೆಗಳು! ನನ್ನಾಕೆ "ಅಯ್ಯೋ, ಇದು ನಮ್ಮ ಮರಡಿಹಳ್ಳಿ" ಅಂತ ಜೋರಾಗಿಯೇ ಕೂಗಿದಳು. ವಯಸ್ಸು ಮಾತ್ರ ಬೇರೆ. ಅದು ಸುಮಾರು 5 ಲಕ್ಷ ವರ್ಷದ್ದು, ನಮ್ಮದರ ಮುಂದೆ ನಿನ್ನೆ ಮೊನ್ನೆಯ ಕೂಸು. ಯಜಮಾನರನ್ನು ಕೋಟೆ ಹತ್ತಿಸಬೇಡಿ. ಕೆಳಗಿನ ಚೌಕದ ಕಟ್ಟೆಯಲ್ಲಿ ಕೂರಿಸಿ, ಬಂಡೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಮೂರು ರಾತ್ರಿ ಕತಾನಿಯಾದಲ್ಲೇ ಉಳಿಯಿರಿ. 1669ರ ಮಾರ್ಚ್‌ನಲ್ಲಿ ನಿಕೊಲೋಸಿ ಊರಿನ ಹತ್ತಿರ ನೆಲ ಬಿರಿದು, ಲಾವಾ ಹರಿದು ಬಂದು ಈ ನಗರದ ಗೋಡೆಗೆ ತಾಗಿತು. ಆಗ ಇಲ್ಲಿನ ಜನ ಒದ್ದೆ ಚರ್ಮ ಹೊದ್ದು, ಸಲಾಕೆ ಹಿಡಿದು, ಹರಿಯುವ ಲಾವಾದ ದಡ ಒಡೆದು ಬೇರೆ ಕಡೆ ತಿರುಗಿಸಲು ಹೋದರು. ಅದು ತಿರುಗಿದ್ದು ಪತೆರ್ನೊ ಊರಿನ ಕಡೆಗೆ. ಆ ಊರಿನವರು ಸುಮ್ನೆ ಬಿಡುತ್ತಾರೆಯೇ? ಗುಂಪು ಕಟ್ಟಿ ಬಂದು ತಡೆದರು. ಭದ್ರಾ ನಾಲೆಯ ಕೊನೆ ಭಾಗದಲ್ಲಿರುವ ನಿಮ್ಮ ಕಡೆಯವರಿಗೆ ತೂಬಿನ ಜಗಳ ಹೊಸದಲ್ಲ. ಇಲ್ಲಿ ನೀರು ನಮಗೆ ಬೇಕು ಅಂತ, ಅಲ್ಲಿ ಬೆಂಕಿ ನಮಗೆ ಬೇಡ ಅಂತ.

ಆ ನಗರದಲ್ಲಿ ಉರ್ಸಿನೊ ಕೋಟೆ ತಪ್ಪಿಸಬೇಡಿ. 13ನೇ ಶತಮಾನದಲ್ಲಿ ಸಮುದ್ರದ ದಂಡೆಯಲ್ಲಿ ಕಟ್ಟಿದ ಕೋಟೆ. 1669ರ ಲಾವಾ ಅದನ್ನು ಸುತ್ತುವರಿದು ಮುಂದೆ ಹೋಗಿ ಸಮುದ್ರವನ್ನೇ ಹಿಂದಕ್ಕೆ ತಳ್ಳಿತು. ಈಗ ಕೋಟೆ ಊರ ನಡುವೆ ಮನೆಗಳ ಮಧ್ಯೆ ನಿಂತಿದೆ. 1693ರಲ್ಲಿ ಭೂಕಂಪವಾಗಿ ಊರು ನೆಲಸಮವಾಯಿತು. ಮತ್ತೆ ಕಟ್ಟುವಾಗ ಅದೇ ಲಾವಾ ಕಲ್ಲನ್ನೇ ಬಳಸಿದರು. ಮುಖ್ಯ ಚೌಕದಲ್ಲಿ ಲಾವಾ ಕಲ್ಲಿನ ಕಪ್ಪು ಆನೆಯೊಂದಿದೆ, ಬೆನ್ನ ಮೇಲೆ ಈಜಿಪ್ಟಿನ ಶೈಲಿಯ ಕಂಬ. ಊರಿನವರು ಅದನ್ನು ಲಿಯೋತ್ರು ಅಂತಾರೆ. ಫೆಬ್ರವರಿಯಲ್ಲಿ ಹೋಗಿದ್ದರೆ ಸಂತ ಆಗಾತಾ ಹಬ್ಬ ಸಿಗುತ್ತಿತ್ತು. ಬಿಳಿ ಅಂಗಿ ತೊಟ್ಟ ಜನ ಉದ್ದದ ಹಗ್ಗ ಹಿಡಿದು ದೇವಿಯ ಬೆಳ್ಳಿ ರಥ ಎಳೆಯುತ್ತಾರೆ. ನಾಯಕನಹಟ್ಟಿ ತೇರು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೆಟ್ಟ ಸುತ್ತುವ ವಿಷಯ. ಚಿರ್ಕುಮೆಟ್ನೆಯಾ ಅಂತ ಒಂದು ಸಣ್ಣ ಗೇಜಿನ ರೈಲು, 19ನೇ ಶತಮಾನದ ಕೊನೆಯಲ್ಲಿ ಹಾಕಿದ್ದು. ಎಟ್ನಾದ ಬುಡ ಬಳಸಿಕೊಂಡು ಸುಮಾರು 110 ಕಿಲೋಮೀಟರ್ ಹೋಗುತ್ತದೆ. ಭಾನುವಾರ, ಹಬ್ಬದ ದಿನ ಅದನ್ನು ನೆಚ್ಚಿಕೊಳ್ಳಬೇಡಿ. ಕೆಲವು ಕಡೆ ಬಸ್ಸು ಹಿಡಿಯಬೇಕಾಗಬಹುದು, ಮಗನಿಗೆ ಮೊದಲೇ ಸಮಯ ನೋಡಿಡಲು ಹೇಳಿ. ಒಂದು ಕಿಟಕಿಯಲ್ಲಿ ಬೆಟ್ಟ, ಇನ್ನೊಂದರಲ್ಲಿ ಕಣಿವೆ. ನಡುವೆ ಕಪ್ಪು ಕಲ್ಲಿನ ಬಯಲು, ಅದರ ಸಂದಿಯಲ್ಲೇ ಪಿಸ್ತಾ ಗಿಡ. ಅದು ಬ್ರಾಂತೆ ಊರು. ಅಲ್ಲಿನ ಪಿಸ್ತಾ ಕೊಯ್ಲು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ. ಇಂಗ್ಲೆಂಡಿನ ನೌಕಾಪತಿ ನೆಲ್ಸನ್‌ಗೆ 1799ರಲ್ಲಿ ಅಲ್ಲಿನ ರಾಜ ಬ್ರಾಂತೆಯ ಡ್ಯೂಕ್ ಪದವಿಯನ್ನೂ ಜಮೀನನ್ನೂ ಕೊಟ್ಟ. ಪುಣ್ಯಾತ್ಮ ಒಂದು ಸಲವೂ ಆ ಕಡೆ ತಲೆ ಹಾಕಲಿಲ್ಲ.

ಒಂದೇ ಊರಿಗೆ ಸಮಯವಿದೆ ಅಂದರೆ ರಂದಾಝೊ. ಎಟ್ನಾದ ಬಾಯಿಗೆ ತೀರಾ ಹತ್ತಿರದ ಪಟ್ಟಣ, ಆದರೂ ಲಾವಾ ಅದನ್ನು ಮುಟ್ಟಿಲ್ಲ. 1981ರಲ್ಲಿ ಪಕ್ಕದಲ್ಲೇ ಹಾದುಹೋಯಿತು. ಹಿಂದೆ ಅಲ್ಲಿ ಲ್ಯಾಟಿನ್, ಗ್ರೀಕ್, ಲೊಂಬಾರ್ದ್ (ಉತ್ತರ ಇಟಲಿ ಕಡೆಯಿಂದ ಬಂದವರು) ಎಂಬ ಮೂರು ಸಮುದಾಯ, ಮೂರಕ್ಕೂ ಒಂದೊಂದು ಚರ್ಚು. ಯಾವುದು ದೊಡ್ಡದು ಅಂತ ಜಗಳ. ಕೊನೆಗೆ ವರ್ಷಕ್ಕೊಂದು ಚರ್ಚು ಮುಖ್ಯ ಚರ್ಚಾಗಲಿ ಅಂತ ಸರದಿ ಮಾಡಿಕೊಂಡರು. ನಾವು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಊರಿಗೆ ಊರೇ ಬಾಗಿಲು ಹಾಕಿ ಮಲಗಿತ್ತು. ನಾಲ್ಕರವರೆಗೆ ಒಂದು ಲೋಟ ಕಾಫಿಯೂ ಸಿಗಲಿಲ್ಲ. ಸಾಂತಾ ಮರಿಯಾ ಚರ್ಚಿನ ಕಪ್ಪು ಮೆಟ್ಟಿಲ ಮೇಲೆ ಕೂತು ಚೀಲದಲ್ಲಿದ್ದ ಮಂಡಕ್ಕಿ ತಿಂದೆವು. ಬಿಸಿಲಿಗೆ ಕಾದ ಮೆಟ್ಟಿಲು, ಎದುರಿಗೆ ಹೊಗೆಯಾಡುವ ಬೆಟ್ಟ. ಐದು ದಿನದಲ್ಲಿ ನನಗೆ ಜಾಸ್ತಿ ನೆನಪಿರುವುದು ಆ ಎರಡು ಗಂಟೆಯೇ.

ತವೊರ್ಮಿನಾ ಎಂಬ ಹೆಸರಾದ ಪ್ರವಾಸಿ ಊರನ್ನು ಬಿಡಬಹುದೇ ಅಂತ ಮಗ ಕೇಳುತ್ತಾನೆ. ಪುರಾತನ ಗ್ರೀಕ್ ರಂಗಮಂದಿರಕ್ಕಾಗಿ ಅರ್ಧ ದಿನ ಕೊಡಿ. ಉಳಿದಿದ್ದು ಬರೀ ಅಂಗಡಿ, ನೂಕುನುಗ್ಗಲು.

ಪ್ರಶ್ನೆ: ಬೆಂಕಿ ಉಗುಳುವ ಬೆಟ್ಟದ ಬುಡದಲ್ಲಿ ಜನ ಹೇಗೆ ಇರುತ್ತಾರೆ? ಪ್ರವಾಸಿಗರಿಗೆ ಅಪಾಯವಿಲ್ಲವೇ?
– ಓದುಗರು, ಚಳ್ಳಕೆರೆ

ಉತ್ತರ: ಅಪಾಯ ಇರುವುದು ಹೆಚ್ಚಾಗಿ ಮೇಲೆ. 2025ರ ಜೂನ್ 2ರಂದು ತುದಿಯ ಒಂದು ಭಾಗ ಕುಸಿದು ಬಿಸಿ ಬೂದಿಯ ಮೋಡ ಇಳಿದಾಗ ಪ್ರವಾಸಿಗರು ಎದ್ದೆವೋ ಬಿದ್ದೆವೋ ಅಂತ ಓಡಿದರು. ಗೈಡ್ ಇಲ್ಲದೆ ಮೇಲೆ ಹೋಗಬೇಡಿ. ಕೆಳಗಿನ ಊರುಗಳ ಕಡೆ ಲಾವಾ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ, ಜನ ಎದ್ದು ಹೋಗಲು ಸಮಯ ಸಿಗುತ್ತದೆ. ಮನೆಗಳಿಗೆ ಆ ಭಾಗ್ಯವಿಲ್ಲ. 1928ರಲ್ಲಿ ಮಸ್ಕಾಲಿ ಎಂಬ ಊರು ಹಾಗೇ ಮುಚ್ಚಿಹೋಗಿ, ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. 1992ರಲ್ಲಿ ಝಫೆರಾನಾ ಊರಿನ ಬಾಗಿಲಿಗೇ ಬಂದಿತ್ತು. ಮಣ್ಣಿನ ಒಡ್ಡು ಹಾಕಿ, ಸಿಡಿಮದ್ದು ಇಟ್ಟು, ಹರಿವಿನ ದಿಕ್ಕು ತಪ್ಪಿಸಿದರು. ಯಾಕೆ ಅಲ್ಲೇ ಇದ್ದಾರೆ ಅಂದರೆ ಮಣ್ಣು. ಹಳೆಯ ಲಾವಾ ಪುಡಿಯಾದ ಆ ನೆಲದಲ್ಲಿ ದ್ರಾಕ್ಷಿ, ಕಿತ್ತಳೆ, ನಿಂಬೆ ಎಲ್ಲಾ ಹುಲುಸು. ಎರೆ ಭೂಮಿ ಬಿಟ್ಟು ಹೋಗು ಅಂದರೆ ನಿಮ್ಮಲ್ಲಿ ಯಾರು ಹೋಗುತ್ತಾರೆ ಹೇಳಿ. ಬೂದಿ ಹಾರಿದರೆ ಕತಾನಿಯಾ ವಿಮಾನ ನಿಲ್ದಾಣ ಆಗಾಗ ಮುಚ್ಚುತ್ತದೆ. ಊರಿಗೆ ಮರಳುವ ವಿಮಾನಕ್ಕೆ ಮುಂಚೆ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಸಸ್ಯಾಹಾರಿಗಳ ಗತಿಯೇನು?
– ಓದುಗರು, ಚಿತ್ರದುರ್ಗ

ಉತ್ತರ: ಬದನೆಕಾಯಿ! ಕತಾನಿಯಾದ ಊಟವೇ ಪಾಸ್ತಾ ಅಲ್ಲಾ ನೋರ್ಮಾ. ಕರಿದ ಬದನೆ, ಟೊಮೆಟೊ, ಮೇಲೆ ಉಪ್ಪು ಹಾಕಿದ ರಿಕೊತ್ತಾ ಚೀಸ್. ಹಸಿರುಬದನೆಯ ಎಣ್ಣೆಗಾಯಿ ಅಲ್ಲ, ಆದರೆ ಬೇಸರವಾಗುವುದಿಲ್ಲ. ಬೆಳಿಗ್ಗೆ ಬಾದಾಮಿ ಗ್ರನೀತಾ, ಅಂದರೆ ಐಸಿನ ತರಿ, ಜೊತೆಗೆ ಮೆತ್ತನೆ ಬನ್ನು. ಆರಂಚಿನೊ ಎಂಬ ಅನ್ನದ ಬೋಂಡಾ ಕಂಡಲ್ಲಿ ಕೇಳಿಯೇ ತಿನ್ನಿ, ಒಳಗೆ ಮಾಂಸ ಇರುವುದೇ ಜಾಸ್ತಿ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ" ಅಂದರೆ ಮಾಂಸ ಬೇಡ, ಮೀನು ಬೇಡ. ಚೀಸ್‌ನಲ್ಲಿ ಎಷ್ಟೋ ಬಗೆಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರು ವಿಚಾರಿಸಿಕೊಳ್ಳಿ. ಖಾರ ಮಾತ್ರ ಎಲ್ಲೂ ಸಾಲದು. ನನ್ನಾಕೆ ತಂದ ಶೇಂಗಾ ಚಟ್ನಿಪುಡಿ ಮೂರನೇ ದಿನಕ್ಕೇ ಖಾಲಿ. ನೀವು ದೊಡ್ಡ ಡಬ್ಬಿ ಒಯ್ಯಿರಿ.