ಇತಿಹಾಸದಲ್ಲಿ ಪಿಎಚ್‌ಡಿ ಮಾಡಿ ಖುಷಿಯಾಗಿರುವವರು ಇದ್ದಾರಾ?

ಪಿಎಚ್‌ಡಿ ಅಂದರೆ ನರಳಾಟ ಅಂತಲೇ ಎಲ್ಲರೂ ಬರೆಯುತ್ತಾರೆ, ಇತಿಹಾಸ ವಿಭಾಗದಲ್ಲಿ ಒಳ್ಳೆಯ ಅನುಭವ ಆದವರು ಯಾರಾದರೂ ಇದ್ದೀರಾ ಎಂದು ಕೇಳಿದ್ದೀರಿ. ನಾನಿದ್ದೇನೆ. ಈಗ ನಾಲ್ಕನೇ ವರ್ಷ, ಮೂರನೇ ಅಧ್ಯಾಯ ನಡೆಯುತ್ತಿದೆ.

ಸುಲಭ ಅಂತ ಮಾತ್ರ ಅಂದುಕೊಳ್ಳಬೇಡಿ. ನಮ್ಮಲ್ಲಿ ಪ್ರಯೋಗಾಲಯ ಇಲ್ಲ, ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವರು ಇರುವುದಿಲ್ಲ. ಪತ್ರಾಗಾರದಲ್ಲಿ ವಾರಗಟ್ಟಲೆ ಕೂತು ಕಡತ ತಿರುವಿದರೂ ಕೆಲವೊಮ್ಮೆ ಸಿಗುವುದು ಎರಡು ಪುಟ.

ನನಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ನನ್ನ ವಿಷಯಕ್ಕೆ ಬೇಕಾಗಿದ್ದ ಸರ್ಕಾರಿ ಕಡತಗಳು ಇನ್ನೂ ತೆರೆದಿರಲಿಲ್ಲ. ಹಲವು ದೇಶಗಳಲ್ಲಿ ಇಂಥವನ್ನು 20 ಅಥವಾ 30 ವರ್ಷ ಮುಚ್ಚಿಡುತ್ತಾರೆ, ಯಾರದಾದರೂ ಖಾಸಗಿ ವಿವರ ಇದ್ದರೆ ಇನ್ನೂ ಜಾಸ್ತಿ. ಒಂದೂವರೆ ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅಂತ ಮಾರ್ಗದರ್ಶಕರ ಮುಂದೆ ಅತ್ತುಬಿಟ್ಟೆ. ಅವರು ಬೈಯಲಿಲ್ಲ, ಸುಮ್ನೆ ಸಮಾಧಾನದ ಮಾತನ್ನೂ ಆಡಲಿಲ್ಲ. ನನ್ನ ಟಿಪ್ಪಣಿಗಳನ್ನೆಲ್ಲ ತರಿಸಿಕೊಂಡು ಇಡೀ ಮಧ್ಯಾಹ್ನ ಓದಿದರು. ಅದರಲ್ಲಿ ತುಂಬಾ ಹಳೆಯ ಅರ್ಜಿಗಳ ಒಂದು ಕಟ್ಟಿನ ಫೋಟೋಗಳಿದ್ದವು, ಕೆಲಸಕ್ಕೆ ಬರುವುದಿಲ್ಲ ಅಂತ ನಾನೇ ಬದಿಗಿಟ್ಟಿದ್ದೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು, ಹೆಸರುಗಳು ಬೇರೆ ಬೇರೆ, ಆದರೆ ಹತ್ತಾರು ಅರ್ಜಿಗಳಲ್ಲಿ ಕೈಬರಹ ಒಂದೇ. "ಇದನ್ನು ಬರೆದುಕೊಟ್ಟವರು ಯಾರು?" ಅಂತ ಕೇಳಿದರು. ಓದು ಬರಹ ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದವರ ಮೇಲೆಯೇ ಈಗ ನನ್ನ ಪ್ರಬಂಧ.

ಹಾಗಂತ ಎಲ್ಲವೂ ಮಾರ್ಗದರ್ಶಕರಿಂದ ಅಲ್ಲ. ಆ ಅರ್ಜಿಗಳಲ್ಲಿದ್ದ ಮೋಡಿ ಅಕ್ಷರ (ಕೂಡಿಸಿ ಬೇಗ ಬೇಗ ಬರೆಯುವ ಹಳೆಯ ಬರವಣಿಗೆ) ಓದುವುದನ್ನು ಕಲಿಸಿದ್ದು ನನಗಿಂತ ಎರಡು ವರ್ಷ ಹಿರಿಯ ವಿದ್ಯಾರ್ಥಿನಿ, ಅದೂ ತನ್ನ ಪ್ರಬಂಧದ ಕೊನೆಯ ಗಡಿಬಿಡಿಯಲ್ಲಿ. ತಿಂಗಳಿಗೊಮ್ಮೆ ಕರಡು ಓದುವ ಗುಂಪು ಸೇರುತ್ತದೆ. ಪ್ರಾಧ್ಯಾಪಕರೂ ತಮ್ಮ ಅರ್ಧಂಬರ್ಧ ಬರಹ ತಂದು ಮುಂದಿಡುತ್ತಾರೆ, ಬರೆದವರು ಮೊದಲ ಅರ್ಧ ಗಂಟೆ ಬಾಯಿ ತೆರೆಯುವಂತಿಲ್ಲ. (19ನೇ ಶತಮಾನದಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ಇತಿಹಾಸಕಾರ ಲಿಯೋಪೋಲ್ಡ್ ಫಾನ್ ರಾಂಕೆ ವಿದ್ಯಾರ್ಥಿಗಳನ್ನು ಮನೆಗೇ ಕರೆದು ಮೂಲ ದಾಖಲೆಗಳನ್ನು ಒಟ್ಟಿಗೆ ಓದಿಸುತ್ತಿದ್ದರು, ಸೆಮಿನಾರ್ ಪದ್ಧತಿ ನಮ್ಮ ವಿಷಯದಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು.) ನನ್ನ ಮೊದಲ ಅಧ್ಯಾಯವನ್ನು ಅಲ್ಲಿ ಸಾಲು ಸಾಲಾಗಿ ಬಿಚ್ಚಿ ಹಾಕಿದರು, ಆ ರಾತ್ರಿ ನಿದ್ದೆ ಬರಲಿಲ್ಲ, ಆದರೆ ಇಷ್ಟು ಜನ ಪೆನ್ಸಿಲ್ ಹಿಡಿದು ನನ್ನ ಬರಹ ಓದಿದ್ದಾರಲ್ಲ ಅನ್ನುವುದೇ ಬೆಳಗ್ಗೆ ಎಬ್ಬಿಸಿ ಕೂರಿಸಿತು.

ಇನ್ನು ನೀವು ಸೇರುವ ಮೊದಲು ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ಸಾಲದು. ಮೂರನೇ, ನಾಲ್ಕನೇ ವರ್ಷದಲ್ಲಿರುವ ಇಬ್ಬರನ್ನು ಹಿಡಿಯಿರಿ. ಕಳಿಸಿದ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ, ಶಿಷ್ಯವೇತನ ಮುಗಿದ ಮೇಲೂ ಬರೆಯುವುದು ಉಳಿದರೆ ಏನು ಮಾಡುತ್ತಾರೆ, ಮಾರ್ಗದರ್ಶಕರನ್ನು ಬದಲಿಸಿಕೊಂಡವರು ಯಾರಾದರೂ ಇದ್ದಾರಾ, ಅವರು ಈಗಲೂ ಅಲ್ಲೇ ಓದುತ್ತಿದ್ದಾರಾ ಅಂತ ಕೇಳಿ.